ಪಾಚಿಯ ಪ್ರೋಟೀನು ಮತ್ತು ನಮ್ಮ ಕನ್ನಡ ತರಗತಿ

ವಿಜ್ಞಾನ ಕಲಿಯುವುದಾದರೆ ಇಂಗ್ಲಿಷಿನಲ್ಲೇ ಕಲಿಯಬೇಕು, ಹೊಸ ವಿಷಯ ಹೇಳಲು ಕನ್ನಡದಲ್ಲಿ ಶಬ್ದವೇ ಇಲ್ಲ ಎಂಬ ಮಾತು ಪ್ರತಿ ಜೂನ್ ತಿಂಗಳಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಅಂಗಳದಲ್ಲಿ ಕೇಳಿಬರುತ್ತದೆ. ಇದನ್ನು ನಾವು ಒಪ್ಪುವುದಿಲ್ಲ. ಒಂದು ಉದಾಹರಣೆ ನೋಡೋಣ.

ನಿಂತ ನೀರಿನಲ್ಲೂ ಒದ್ದೆ ಮಣ್ಣಿನಲ್ಲೂ ಬೆಳೆಯುವ ಕ್ಲಾಮಿಡೋಮೊನಾಸ್ ಎಂಬ ಹಸಿರು ಪಾಚಿಯದ್ದು ಒಂದೇ ಜೀವಕೋಶ. ಗಾತ್ರ ಸುಮಾರು ಮಿಲಿಮೀಟರಿನ ನೂರರಲ್ಲೊಂದು ಪಾಲು. ಆದರೂ ಅದು ಬೆಳಕನ್ನು ಗುರುತಿಸಿ ಈಜುತ್ತದೆ! ಅದರ ಕೋಶಪೊರೆಯಲ್ಲಿ ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನು, ಪ್ರೋಟೀನಿನೊಳಗೆ ರೆಟಿನಲ್ ಎಂಬ ಸಣ್ಣ ಅಣು. ನೀಲಿ ಬೆಳಕು ಬಿದ್ದಾಗ ಅಣುವಿನ ಆಕಾರ ಬದಲಾಗುತ್ತದೆ, ಪ್ರೋಟೀನಿನ ಬಾಗಿಲು ತೆರೆಯುತ್ತದೆ, ಅಯಾನುಗಳು ಒಳನುಗ್ಗುತ್ತವೆ. ಇದೇ ರೆಟಿನಲ್ ನಮ್ಮ ಕಣ್ಣಿನಲ್ಲೂ ಇದೆ. ವಿಟಮಿನ್ ಎ ಯಿಂದ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ.

ಜರ್ಮನಿಯ ನಾಗೆಲ್, ಹೆಗೆಮನ್, ಬ್ಯಾಂಬರ್ಗ್ ಮೊದಲಾದವರು 2002-03ರಲ್ಲಿ ಈ ಪ್ರೋಟೀನುಗಳ ಕೆಲಸವನ್ನು ತೋರಿಸಿಕೊಟ್ಟರು. 2005ರಲ್ಲಿ ಅಮೆರಿಕದ ಡೈಸರಾತ್, ಬಾಯ್ಡನ್ ಮತ್ತು ಸಂಗಡಿಗರು ಜರ್ಮನಿಯವರ ಜೊತೆ ಸೇರಿ ಪಾಚಿಯ ಜೀನನ್ನು ಇಲಿಯ ನರಕೋಶಗಳಿಗೆ ಸೇರಿಸಿದರು. ಬೆಳಕು ಬಿಟ್ಟಾಗ ಆ ಕೋಶಗಳು ಮಿಡಿದವು. ವಿದ್ಯುತ್ ತಂತಿಯಿಂದ ಪ್ರಚೋದಿಸಿದರೆ ಸುತ್ತಲಿನ ಕೋಶಗಳೆಲ್ಲ ಮಿಡಿಯುತ್ತವೆ. ಬೆಳಕಿಗಾದರೋ ಜೀನ್ ಇರುವ ಕೋಶ ಮಾತ್ರ ಓಗೊಡುತ್ತದೆ. ಮಿದುಳಿನ ಯಾವ ಕೋಶದ ಕೆಲಸ ಏನೆಂದು ಹುಡುಕಲು ಹೀಗೊಂದು ದಾರಿ ಸಿಕ್ಕಿತು. ಇದೇ ವಿಧಾನದಿಂದ ದೃಷ್ಟಿ ಕಳೆದುಕೊಂಡ ಒಬ್ಬರು ವಿಶೇಷ ಕನ್ನಡಕ ಧರಿಸಿ ಮೇಜಿನ ಮೇಲಿನ ಪುಸ್ತಕವನ್ನು ಗುರುತಿಸಿ ಮುಟ್ಟಿದ ವರದಿ 2021ರಲ್ಲಿ ಬಂತು. ಪೂರ್ಣ ದೃಷ್ಟಿಯಲ್ಲ, ಆದರೆ ಕತ್ತಲೆಗಿಂತ ಎಷ್ಟೋ ಮೇಲು.

ಇಷ್ಟನ್ನು ಹೇಳಲು ಕನ್ನಡ ಎಲ್ಲಿ ಸೋತಿತು? ಬಸ್ಸು, ರೇಶನ್ ನಮ್ಮವಾದ ಹಾಗೆ ರೆಟಿನಲ್ ಕೂಡ ನಮ್ಮದಾಗಲಿ. ಬಾಯಿಗೆ ಬಾರದ ಸಂಸ್ಕೃತ ಶಬ್ದ ಟಂಕಿಸುವ ಅಗತ್ಯವಿಲ್ಲ.

ಡಿವಿಜನ್ ಉಳಿಸಿಕೊಳ್ಳಲು ಮಾಸ್ತರರು ಹೇಳುವ ಮಾತಿದು ಎನ್ನುವವರಿದ್ದಾರೆ. ಡಿವಿಜನ್ ಉಳಿಯಬೇಕು, ನಿಜ. ಉನ್ನತ ಶಿಕ್ಷಣಕ್ಕೆ ಇಂಗ್ಲಿಷ್ ಬೇಕು, ಅದನ್ನು ಚೆನ್ನಾಗಿಯೇ ಕಲಿಸೋಣ. ಆದರೆ "ಪಾಚಿಗೆ ಬೆಳಕು ಹೇಗೆ ಗೊತ್ತಾಗುತ್ತದೆ?" ಎಂಬ ಪ್ರಶ್ನೆ ಮಗುವಿಗೆ ಮೊದಲು ಹುಟ್ಟುವುದು ಮನೆಮಾತಿನಲ್ಲಿ, ಕಲಿತ ಮಾತಿನಲ್ಲಿ. ಆ ಪ್ರಶ್ನೆಯನ್ನು ನುಂಗಿಸಿ ಉತ್ತರ ಬಾಯಿಪಾಠ ಮಾಡಿಸಿದರೆ ಅಂಕ ಬಂದೀತು, ವಿಜ್ಞಾನ ಬರಲಾರದು.

ಶಿಕ್ಷಕ ಮಿತ್ರರೇ, ಪಾಠದ ಜೊತೆ ಇಂತಹ ಒಂದು ಹೊಸ ವಿಷಯವನ್ನೂ ಹೇಳಿ. ಹೆತ್ತವರೇ, ಇಂದು ಏನು ಕಲಿತೆ ಎಂದು ಸಂಜೆ ಕನ್ನಡದಲ್ಲೇ ಕೇಳಿ ನೋಡಿ. ಅರ್ಥವಾದದ್ದನ್ನು ಮಗು ವಿವರಿಸುತ್ತದೆ. ಮಾಧ್ಯಮ ಯಾವುದೆಂದು ಆಮೇಲೆ ನೀವೇ ತೀರ್ಮಾನಿಸಿ.