ಒಂದೇ ತಂಡದ ಬಾಳು

ಆಟದ ಮಾತು ಸಾಹಿತ್ಯದ ಪುಟದಲ್ಲೇಕೆ ಎಂದು ಕೇಳುವ ವಾಚಕರು ಇರಬಹುದು. ಆದರೆ ನಿಷ್ಠೆಯೆಂಬುದು ಕಾವ್ಯಕ್ಕೆ ಎಷ್ಟು ಹಳೆಯ ವಸ್ತುವೋ ಆಟದ ಬಯಲಿಗೂ ಅಷ್ಟೇ ಹತ್ತಿರದ ವಸ್ತು. ಕೃಷ್ಣನ ಕರೆಗೆ ಒಲಿಯದೆ ಕರ್ಣನು ಕೌರವನ ಪಕ್ಷದಲ್ಲೇ ಉಳಿದನೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಭಾವಪರವಶರಾಗಿ ವಿವರಿಸುತ್ತೇವೆ. ಕುಲವನ್ನು ಕೇಳಿ ಹೀಗಳೆದ ಸಭೆಯಲ್ಲಿ ಅವನಿಗೆ ಅಂಗರಾಜ್ಯವನ್ನಿತ್ತು ಮೊದಲು ಸ್ಥಾನ ಕೊಟ್ಟವನು ದುರ್ಯೋಧನನೆಂಬುದನ್ನು ಅದೇ ಉತ್ಸಾಹದಿಂದ ಹೇಳುತ್ತೇವೆಯೇ?

ಇಂಗ್ಲೆಂಡಿನ ರಗ್ಬಿ ಆಟದಲ್ಲಿ ಮಾರ್ಕ್ ಕ್ವೇಟೊ ಎಂಬ ವಿಂಗರ್ ಇದ್ದರು. 2001ರಿಂದ 2015ರವರೆಗೆ ಅವರು ಆಡಿದ್ದು ಮ್ಯಾಂಚೆಸ್ಟರಿನ ಬಳಿಯ ಸೇಲ್ ಎಂಬ ಒಂದೇ ಸಂಘಕ್ಕೆ. ನಿವೃತ್ತರಾದಾಗ ಅಲ್ಲಿನ ಲೀಗಿನಲ್ಲಿ 90 'ಟ್ರೈ'ಗಳ ದಾಖಲೆ ಅವರದಾಗಿತ್ತು. ವಿಂಗರ್ ಎಂದರೆ ಬಯಲಿನ ಅಂಚಿನಲ್ಲಿ ನಿಂತು ಕಾಯುವವನು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಒಳಗಿನವರ ಕೈಯಿಂದ ಕೈಗೆ ದಾಟಿ, ಕಟ್ಟಕಡೆಗೆ ಅದು ಅಂಚಿಗೆ ಬರಬೇಕು. ಬಾರದಿದ್ದರೆ ಎಂಥ ಓಟಗಾರನ ಕಾಲೂ ವ್ಯರ್ಥ.

ರಗ್ಬಿ ನಮಗೆ ದೂರದ ಮಾತಾಯಿತು. ನಮ್ಮಲ್ಲಿಯ ನಿದರ್ಶನ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಎದುರು ತಮ್ಮ ಮೊದಲ ರಣಜಿ ಪಂದ್ಯವನ್ನಾಡಿ 230 ಓಟಗಳನ್ನು ಗಳಿಸಿದಾಗ ಅವರ ತಂಡದ ಹೆಸರು ಮೈಸೂರು. 1973ರಲ್ಲಿ ನಾಡು ಕರ್ನಾಟಕವಾಯಿತು, ತಂಡವೂ ಕರ್ನಾಟಕವಾಯಿತು. ವಿಶ್ವನಾಥರು ಮಾತ್ರ ಅಲ್ಲೇ ಇದ್ದರು. ಆ ಋತುವಿನಲ್ಲೇ, 15 ವರ್ಷ ಎಡೆಬಿಡದೆ ರಣಜಿ ಪಾರಿತೋಷಕವನ್ನು ಗೆಲ್ಲುತ್ತ ಬಂದಿದ್ದ ಮುಂಬಯಿಯನ್ನು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಹಿಂದಿಕ್ಕಿದ್ದು ಅವರ 162, ಬ್ರಿಜೇಶ್ ಪಟೇಲರ 106 ಮತ್ತು ನಾಯಕ ಪ್ರಸನ್ನರ ಬೌಲಿಂಗ್. ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪಾರಿತೋಷಕವನ್ನು ಮೊದಲ ಬಾರಿಗೆ ನಮ್ಮವರು ಮನೆಗೆ ತಂದರು. ಬಳ್ಳಾರಿಯವರಿಗೆ ಈ ಹೆಸರಿನ ಬದಲಾವಣೆ ಬರಿಯ ಹೆಸರಲ್ಲ. 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದ ನಮಗೆ 'ನಮ್ಮ ತಂಡ' ಎಂಬ ಮಾತು ತಡವಾಗಿ ದೊರೆತದ್ದು.

ವಿಶ್ವನಾಥರು 91 ಟೆಸ್ಟ್‌ಗಳಲ್ಲಿ 6080 ಓಟಗಳನ್ನು ಗಳಿಸಿ, ಕೊನೆಯವರೆಗೂ ಈ ಒಂದೇ ರಾಜ್ಯಕ್ಕಾಗಿ ರಣಜಿ ಆಡಿದರು. ಅದನ್ನು ಅವರೊಬ್ಬರ ಸದ್ಗುಣವೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಆಗ ಹರಾಜಿನ ಮಾರುಕಟ್ಟೆ ಇರಲಿಲ್ಲ. ಸ್ಟೇಟ್ ಬ್ಯಾಂಕಿನ ನೌಕರಿ ಜೀವನಕ್ಕೆ ಆಧಾರವಾಗಿತ್ತು. 1969ರಲ್ಲಿ ಕಾನಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ ಬಂದಾಗ, ಚಿಂತಿಸಬೇಡ, ನೂರು ಬಾರಿಸುತ್ತೀಯೆ ಎಂದು ಅಭಯವಿತ್ತವರು ನಾಯಕ ಪಟೌಡಿ. ಎರಡನೆಯ ಸರದಿಯಲ್ಲಿ 137 ಬಂತು. ಉಳಿಯುವವನ ಹಿಂದೆ ಉಳಿಸಿಕೊಳ್ಳುವವರಿರುತ್ತಾರೆ.

ಹೋದವರೆಲ್ಲ ದ್ರೋಹಿಗಳೂ ಅಲ್ಲ. ಅದೇ ಕಾಲದ ಬಿಷನ್ ಸಿಂಗ್ ಬೇಡಿ ಪಂಜಾಬನ್ನು ಬಿಟ್ಟು ದೆಹಲಿಗೆ ಹೋದರು. 1978–79ರ ಅಂತಿಮ ಪಂದ್ಯದಲ್ಲಿ, ಬೆಂಗಳೂರಿನಲ್ಲೇ, ದೆಹಲಿ ನಮ್ಮನ್ನು ಸೋಲಿಸಿತು ಕೂಡ! ಬೇಡಿಯವರ ಕೀರ್ತಿಗೆ ಅದರಿಂದ ಕುಂದೇನೂ ಬರಲಿಲ್ಲ.

ಈಗಿನ ಕಾಲದ ಕರುಣ್ ನಾಯರ್ ಅವರನ್ನು ನೋಡಿ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303. ಆಮೇಲೆ ದೇಶದ ತಂಡದಲ್ಲಿ ಸ್ಥಾನ ಹೋಯಿತು. 2022ರ ಹೊತ್ತಿಗೆ ಕರ್ನಾಟಕದ ತಂಡದಲ್ಲೂ ಹೋಯಿತು. ಇನ್ನೊಂದು ಅವಕಾಶ ಕೊಡು ಎಂದು ಆತ ಆಗ ಬಹಿರಂಗವಾಗಿ ಬೇಡಿಕೊಂಡದ್ದು ಯಾವ ವ್ಯಕ್ತಿಯನ್ನೂ ಅಲ್ಲ, ಕ್ರಿಕೆಟ್ಟನ್ನೇ. ಚೆಂಡು ಅಂಚಿಗೆ ಬರಲಿಲ್ಲ. 2023ರಲ್ಲಿ ವಿದರ್ಭಕ್ಕೆ ಹೋದರು. 2025ರ ರಣಜಿ ಅಂತಿಮ ಪಂದ್ಯದಲ್ಲಿ ಕೇರಳದ ಎದುರು 86 ಮತ್ತು 135 ಗಳಿಸಿ ವಿದರ್ಭವನ್ನು ಗೆಲ್ಲಿಸಿದರು. ಅದೇ ವರ್ಷ ಕರ್ನಾಟಕಕ್ಕೆ ಮರಳಿದರು. ಇದನ್ನು ನಿಷ್ಠೆಯ ಲೋಪವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ನಾನಿರುವ ಕೌಲ್ ಬಜಾರು ಹಿಂದೆ ದಂಡಿನ ಪ್ರದೇಶಕ್ಕೆ ಸೇರಿದ್ದು. ಪಲ್ಟಣಗಳು ಬಂದವು, ಹೋದವು, ಪೇಟೆ ಉಳಿಯಿತು. ಕೌಲು ಎಂಬ ಪದಕ್ಕೆ ಗೇಣಿಯ ಕರಾರು, ಅಭಯದ ವಚನ ಎಂಬ ಎರಡೂ ಅರ್ಥಗಳುಂಟು. ಕೊಟ್ಟವನನ್ನೂ ಪಡೆದವನನ್ನೂ ಸಮನಾಗಿ ಕಟ್ಟಿಹಾಕುವ ಮಾತು ಅದು. ತಂಡಕ್ಕೂ ಆಟಗಾರನಿಗೂ ನಡುವೆ ಇರಬೇಕಾದದ್ದು ಇಂಥ ಕೌಲೇ ಹೊರತು, ಒಬ್ಬನೇ ಸಹಿ ಹಾಕುವ ಮುಚ್ಚಳಿಕೆಯಲ್ಲ.

ಇಲ್ಲಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಮಿಗಿಲು ದಾರಿ. ಈ ಪೇಟೆಯ ಸಂದುಗಳಲ್ಲಿ ಸಂಜೆ ಚೆಂಡು ಬಡಿಯುವ ಹುಡುಗರಲ್ಲಿ ಒಬ್ಬನಾದರೂ ನಾಳೆ ನಾಡಿನ ತಂಡವನ್ನು ಬಯಸಬಹುದು. ಅವನಿಂದ ನಾವು ಬಾಳಿಡೀ ನಿಷ್ಠೆಯನ್ನು ಕೇಳುವುದಾದರೆ, ಆಯ್ಕೆದಾರರು ಮೊದಲು ಬಳ್ಳಾರಿಗೆ ಬಂದು ಅವನ ಆಟವನ್ನು ನೋಡಲಿ. ಕೈಬಿಡುವ ದಿನ ಬಂದರೆ ಕಾರಣವನ್ನು ಅವನ ಮುಖ ನೋಡಿ ಹೇಳಲಿ.