ನಿದ್ದೆ ಮಾಡಿರಲಿಲ್ಲ, ಎಚ್ಚರವೂ ಇರಲಿಲ್ಲ

“ಲೋ, ನಿದ್ದೆ ಬರ್ತಿದ್ಯೇನೋ?” ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು.

“ಇಲ್ಲಮ್ಮ, ಎಚ್ಚರವಾಗೇ ಇದೀನಿ” ಅಂದೆ. ಸುಳ್ಳು ಹೇಳಿರಲಿಲ್ಲ. ಶುಕ್ರವಾರ ಆಫೀಸು ಮುಗಿಸಿ ಹಾಸನಕ್ಕೆ ಹೊರಟಿದ್ದೆವು. ಹಿರೀಸಾವೆ ದಾಟಿದ್ದು ನೆನಪಿದೆ. ಆಮೇಲೆ ಚನ್ನರಾಯಪಟ್ಟಣದ ಬೋರ್ಡೇ ಕಂಡದ್ದು. ನಡುವಿನ ರಸ್ತೆ ಎಲ್ಲಿ ಹೋಯ್ತು?

ಆ ಹೆದರಿಕೆಗೇ ಇದರ ಬಗ್ಗೆ ಓದೋಕೆ ಕೂತೆ. 1924ರಲ್ಲಿ ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿ ದಾಖಲಿಸಿದರು. ಅದನ್ನು ಪ್ರಕಟಿಸಿದ್ದು ಐದು ವರ್ಷ ಬಿಟ್ಟು, 1929ರಲ್ಲಿ. (ನಾವು ಊಟದ ಫೋಟೋ ಹಾಕೋಕೆ ಐದು ನಿಮಿಷ ತಡೆಯಲ್ಲ.) ಕಣ್ಣು ಮುಚ್ಚಿ ಹಾಯಾಗಿ ಕೂತರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಎದ್ದು ಕಾಣುತ್ತದೆ. ಅದೇ ಆಲ್ಫಾ. ಕಣ್ಣು ಬಿಟ್ಟರೆ ಸಾಮಾನ್ಯವಾಗಿ ಅಡಗುತ್ತದೆ.

ತೂಕಡಿಕೆ ಶುರುವಾದಾಗ ಆಲ್ಫಾ ತುಂಡು ತುಂಡಾಗಿ, ಇನ್ನೂ ನಿಧಾನವಾದ ಥೀಟಾ ಅಲೆಗಳು, ಅಂದರೆ ಸೆಕೆಂಡಿಗೆ 4ರಿಂದ 7, ಮೇಲುಗೈ ಪಡೆಯುತ್ತವೆ. ಕಣ್ಣುಗುಡ್ಡೆ ಮೆಲ್ಲಗೆ ಅತ್ತಿತ್ತ ಹೊರಳುತ್ತದೆ. ಇದು ನಿದ್ದೆಯ ಮೊದಲ ಹಂತ. ಈ ಹಂತದಲ್ಲಿ ಎಬ್ಬಿಸಿದರೆ ಎಷ್ಟೋ ಜನ “ನಾನು ಮಲಗೇ ಇರಲಿಲ್ಲ” ಅಂತಾರಂತೆ. ನನ್ನ ಉತ್ತರವೂ ಅದೇ ಅಲ್ವಾ!

ಈ ಹೊಸ್ತಿಲಿಗೆ ಒಳ್ಳೆಯ ಮುಖವೂ ಇದೆ. ಪ್ಯಾರಿಸ್ಸಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಮೊದಲ ಹಂತದಲ್ಲಿ ಕನಿಷ್ಠ 15 ಸೆಕೆಂಡು ಇದ್ದವರಲ್ಲಿ ಶೇ. 83 ಮಂದಿ ಗಣಿತದ ಲೆಕ್ಕವೊಂದರ ಗುಟ್ಟು ಕಂಡುಹಿಡಿದರು. ಎಚ್ಚರವಾಗೇ ಇದ್ದವರಲ್ಲಿ ಶೇ. 30 ಮಾತ್ರ. ಸೋಫಾ ಮೇಲಾದರೆ ಇದು ವರವೇ.

ಸ್ಟೀರಿಂಗ್ ಹಿಂದೆ ಹಾಗಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ಮಂಪರು ಬಂದರೆ 66 ಮೀಟರ್ ಕಾರು ತನ್ನಷ್ಟಕ್ಕೆ ಹೋದ ಹಾಗೆ. ಎಸಿ ಜೋರು ಮಾಡೋದು, ಹಾಡು ಹಾಕೋದು ಎಲ್ಲ ನಾನೂ ಮಾಡಿದ್ದೆ. ಏನೂ ಪ್ರಯೋಜನ ಆಗಲಿಲ್ಲ.

ಅವತ್ತು ದೀಪ ಉರಿಯುತ್ತಿದ್ದ ಒಂದು ಪೆಟ್ರೋಲ್ ಬಂಕ್ ಹತ್ತಿರ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಸೀಟು ಹಿಂದಕ್ಕೆ ಒರಗಿಸಿದೆ. “ಇಪ್ಪತ್ತು ನಿಮಿಷಕ್ಕೆ ಎಬ್ಬಿಸಮ್ಮ” ಅಂದೆ. ಅವಳು ಎಬ್ಬಿಸಿದ್ದು ನಲವತ್ತೈದು ನಿಮಿಷ ಆದ್ಮೇಲೆ.

“ಗೊರಕೆ ಹೊಡೀತಿದ್ದೆ” ಅಂದಳು.

“ಇಲ್ಲಮ್ಮ, ಎಚ್ಚರವಾಗೇ ಇದ್ದೆ” ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.