ಹುಳುಮನೆಗೆ ಯಿನ್-ಯಾಂಗ್, ಕೆರೆಗೆ ಅರಿಸ್ಟಾಟಲ್

ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರ. ಕೆಳಗೆ ಕಲ್ಯಾಣಮಂಟಪ, ಶಿವರಾತ್ರಿಯ ಜಾತ್ರೆ. ಮೇಲೆ ವಿರಾಗಿಯ ನೆಲೆ. ಇವರಿಬ್ಬರಲ್ಲಿ ನಿಜವಾದ ಶಿವ ಯಾರು ಎಂದು ಚಿಕ್ಕಬಳ್ಳಾಪುರದ ಭಕ್ತರು ಜಗಳಕ್ಕೆ ನಿಂತದ್ದಿಲ್ಲ. ವಿರುದ್ಧಗಳು ಒಂದನ್ನೊಂದು ತುಂಬಿಕೊಡುತ್ತವೆ ಎನ್ನುವ ಚೀನಾದ ಯಿನ್-ಯಾಂಗ್ ವಿಚಾರ ಈ ಸೀಮೆಗೆ ಹೊಸದೇನಲ್ಲ.

ಆದರೆ ಇಷ್ಟಕ್ಕೇ ‘ಪಶ್ಚಿಮ ಒಡೆಯುತ್ತದೆ, ಪೂರ್ವ ಕೂಡಿಸುತ್ತದೆ’ ಎಂದು ಎದೆಯುಬ್ಬಿಸುವವರಿದ್ದಾರೆ. ವೇದಿಕೆಗೆ ಒಪ್ಪುವ ಮಾತು, ಅಷ್ಟೆ. ವಿರುದ್ಧಗಳ ಒಳನಂಟನ್ನು ಗ್ರೀಸಿನ ಹೆರಾಕ್ಲೈಟಸ್ ಅರಿಸ್ಟಾಟಲನಿಗಿಂತ ಮೊದಲೇ ಕಂಡಿದ್ದ. ಭೌತವಿಜ್ಞಾನಿ ನೀಲ್ಸ್ ಬೋರ್ 1947ರಲ್ಲಿ ಡೆನ್ಮಾರ್ಕಿನ ಅತ್ಯುನ್ನತ ಗೌರವ ಪಡೆದಾಗ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಯಿನ್-ಯಾಂಗ್ ಚಿತ್ರವನ್ನೇ. ಇನ್ನು ಅರಿಸ್ಟಾಟಲ್ ಅಂದದ್ದಾದರೂ ಏನು? ಒಂದೇ ಹೊತ್ತಿನಲ್ಲಿ, ಒಂದೇ ಅರ್ಥದಲ್ಲಿ ಒಂದು ವಸ್ತು ಹೌದೂ ಅಲ್ಲವೂ ಆಗಲಾರದು. ‘ಒಡೆಯುವ’ ತರ್ಕ ಎಂದು ಅವನನ್ನು ಬೈಯುವವರು ಆ ಎರಡು ಷರತ್ತುಗಳನ್ನು ಹಾರಿಸಿಯೇ ಓದುತ್ತಾರೆ.

ಯಿನ್-ಯಾಂಗ್ ಕೂಡ ಎರಡನ್ನೂ ಸದಾ ಅರ್ಧರ್ಧ ಹಂಚುವ ಲೆಕ್ಕವಲ್ಲ. ಶಿಡ್ಲಘಟ್ಟದ ರೇಷ್ಮೆ ಹುಳುಮನೆಗೆ ಹೋದರೆ ಇದು ತಿಳಿಯುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಶೇ 80 ದಾಟಿದ ತೇವ ಬೇಕು. ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಹುಳುವಿಗೆ 24 ಡಿಗ್ರಿ, ಶೇ 70ರ ತೇವ ಸಾಕು. ಎಳೆಯ ಹುಳುವನ್ನು ಸಾಕಿದ ತೇವವೇ ಬೆಳೆದ ಹುಳುವಿಗೆ ರೋಗ ತರುತ್ತದೆ. ತಳಿಯ ಕಥೆಯೂ ಹಾಗೆಯೇ: ಮೈಸೂರು ತಳಿ ಗಟ್ಟಿ, ಆದರೆ ನೂಲು ಕಡಿಮೆ, ದ್ವಿತಳಿಯ ಎಳೆ ಉದ್ದ, ಹುಳು ನಾಜೂಕು. ಎರಡನ್ನೂ ಕೂಡಿಸಿದ ಮಿಶ್ರತಳಿಯ ಗೂಡನ್ನು ನಂಬಿ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ.

ನೀರಿನ ಮಾತು ಬೇರೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ಎರಡು ಹಂತಗಳಲ್ಲಿ ಶುದ್ಧವಾಗಿ ಈ ಜಿಲ್ಲೆಯ ಕೆರೆಗಳಿಗೆ ಬರುತ್ತದೆ. ನಗರದ ಕಸವೇ ಹಳ್ಳಿಯ ಜೀವಜಲ! ಯಿನ್-ಯಾಂಗ್ ಪ್ರಿಯರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗಲಿಕ್ಕಿಲ್ಲ. ಬತ್ತಿದ ಕೆರೆ ತುಂಬಿದ್ದು ಸಣ್ಣ ಸಂಗತಿಯೂ ಅಲ್ಲ. ಆದರೂ ಮೂರನೇ ಹಂತದ ಶುದ್ಧೀಕರಣ ಬೇಕೆಂದು ನೀರಾವರಿ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಅವರಿಗೆ ‘ಒಳಿತು-ಕೆಡುಕು ಎರಡೂ ಇರುತ್ತವೆ’ ಎಂಬ ಸಮಾಧಾನ ಹೇಳುವುದು ತತ್ವಜ್ಞಾನವಲ್ಲ, ನುಣುಚಿಕೊಳ್ಳುವಿಕೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಕೊಳವೆಬಾವಿಗಳ ಫ್ಲೋರೈಡಿಗೂ ಇದೇ ಮಾತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಸಲ್ಲದು. ಇಲ್ಲಿ ಹೌದು ಅಥವಾ ಅಲ್ಲ, ಎರಡರಲ್ಲೊಂದೇ. ಯಾವ ಕೆರೆ, ಯಾವ ತಿಂಗಳು, ಪರೀಕ್ಷೆಯಲ್ಲಿ ಸಿಕ್ಕಿದ್ದೇನು ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ; ಮೂರನೇ ಹಂತ ಯಾವತ್ತು ಶುರುವೆಂದು ಸರ್ಕಾರ ದಿನಾಂಕ ಹೇಳಲಿ.